ಬಾಗಿಲು ಕಾಯುವವನ ಎಚ್ಚರ: ಕ್ರೈಸ್ತ ಸಿದ್ಧತೆಯ ಪರಿಕಲ್ಪನೆಯಲ್ಲಿ ದ್ವಾರಪಾಲಕ

ಯಜಮಾನನೊಬ್ಬ ಪರದೇಶಕ್ಕೆ ಹೊರಡುತ್ತಾನೆ. ಆಳುಗಳಿಗೆಲ್ಲ ಅವರವರ ಕೆಲಸ ಹಂಚುತ್ತಾನೆ. ಬಾಗಿಲು ಕಾಯುವವನಿಗೆ ಮಾತ್ರ ಎಚ್ಚರವಾಗಿರಬೇಕೆಂದು ಬೇರೆಯಾಗಿ ಅಪ್ಪಣೆ ಕೊಡುತ್ತಾನೆ. ಅವನು ಮರಳುವುದು ಸಂಜೆಗೋ, ನಡುರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಿಗೋ ಯಾರಿಗೂ ತಿಳಿಯದು. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯ ಮುಗಿಯುವುದು ಈ ಸಣ್ಣ ಸಾಮತಿಯೊಂದಿಗೆ. ಅದಕ್ಕೆ ಮುಂಚೆ ಬರುವುದು ಯುದ್ಧ, ಭೂಕಂಪ, ಕ್ಷಾಮ, ಕಪ್ಪಾಗುವ ಸೂರ್ಯ, ಉದುರುವ ನಕ್ಷತ್ರಗಳ ಚಿತ್ರ. ಲೋಕಾಂತ್ಯದ ಅಷ್ಟು ದೊಡ್ಡ ಮಾತು ಕೊನೆಗೆ ಒಂದು ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಕ್ರಿಸ್ತನ ಪುನರಾಗಮನಕ್ಕೆ ಸಿದ್ಧರಾಗಿರುವುದೆಂದರೇನು ಎಂಬುದನ್ನು ದೇವಶಾಸ್ತ್ರಜ್ಞರು ಹೆಚ್ಚಾಗಿ ಕಾಲದ ಪ್ರಶ್ನೆಯಾಗಿ ಚರ್ಚಿಸಿದ್ದಾರೆ: ಯಾವಾಗ, ಎಷ್ಟು ಬೇಗ, ಏಕೆ ತಡ. ಈ ಲೇಖನ ಅದನ್ನು ಸ್ಥಳದ ಪ್ರಶ್ನೆಯಾಗಿ ನೋಡುತ್ತದೆ. ಬಾಗಿಲ ಬಳಿ ಕುಳಿತು ಬಂದವರಿಗೆ ಓಗೊಡುವ ತೀರ ಸಾಮಾನ್ಯ ಉದ್ಯೋಗವೇ ಪಾಶ್ಚಾತ್ಯ ಕ್ರೈಸ್ತ ಪರಂಪರೆಯಲ್ಲಿ ಸಿದ್ಧತೆಗೆ ಸಿಕ್ಕ ಗಟ್ಟಿಯಾದ ರೂಪ ಎಂಬುದು ನನ್ನ ವಾದ.

ಮಾರ್ಕ ಬಳಸುವ ಗ್ರೀಕ್ ಪದ 'ಥೂರೋರೋಸ್'. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ನಾಲ್ಕೇ ಸಲ: ಇಲ್ಲೊಮ್ಮೆ, ಯೋಹಾನನ 10ನೆಯ ಅಧ್ಯಾಯದಲ್ಲಿ ಕುರಿಹಟ್ಟಿಯ ಬಾಗಿಲು ತೆರೆಯುವವನಾಗಿ ಒಮ್ಮೆ, 18ರಲ್ಲಿ ಎರಡು ಸಲ, ಅದೂ ಸ್ತ್ರೀಲಿಂಗದಲ್ಲಿ. ಆ ಕೊನೆಯವಳು ಮಹಾಯಾಜಕನ ಅಂಗಳದ ಬಾಗಿಲು ಕಾಯುವ ದಾಸಿ. ಪೇತ್ರನನ್ನು ಒಳಗೆ ಬಿಟ್ಟು, ಅವನು ಯೇಸುವಿನ ಶಿಷ್ಯನೇ ಎಂದು ಮೊದಲು ಕೇಳಿದವಳು ಅವಳೇ. ಎಚ್ಚರವಾಗಿರಿ ಎಂಬುದರ ಮೂಲ ಕ್ರಿಯಾಪದ 'ಗ್ರೆಗೊರೆಓ'; ನಿದ್ದೆ ಹೋಗದಿರು ಎಂದಷ್ಟೇ ಅದರ ನೇರ ಅರ್ಥ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಕೇಳುವ ಗ್ರೆಗರಿ ಎಂಬ ಹೆಸರು ಇದೇ ಮೂಲದ್ದು. ಕನ್ನಡದ 'ಎಚ್ಚರ'ದಲ್ಲಿ ನಿದ್ದೆಯಿಲ್ಲದಿರುವುದರ ಜೊತೆಗೆ ಜಾಗ್ರತೆಯೂ ಇದೆ, ಎಚ್ಚರಿಕೆ ಕೊಡುವವರ ಗದರಿಕೆಯೂ ಒಂದಿಷ್ಟು ಸೇರಿಕೊಂಡಿದೆ. ಮಾರ್ಕನಲ್ಲಿ ಗದರಿಕೆಗಿಂತ ಆಯಾಸದ ಅರಿವು ಹೆಚ್ಚು. ಮುಂದಿನ ಅಧ್ಯಾಯದಲ್ಲೇ ಗೆತ್ಸೇಮನೆಯ ತೋಟದಲ್ಲಿ ಯೇಸು ಮೂವರು ಶಿಷ್ಯರಿಗೆ ಅದೇ ಕ್ರಿಯಾಪದದಲ್ಲಿ ಮಾತಾಡುತ್ತಾನೆ. ಮೂವರೂ ನಿದ್ದೆ ಹೋಗುತ್ತಾರೆ. ಸಾಮತಿಯ ನಾಲ್ಕು ಜಾವಗಳು ಕಡೆಯ ಭೋಜನದ ಸಂಜೆ, ತೋಟದ ನಡುರಾತ್ರಿ, ಪೇತ್ರನು ಅಲ್ಲಗಳೆದ ಕೋಳಿಕೂಗು, ಪಿಲಾತನಿಗೆ ಒಪ್ಪಿಸಿದ ಬೆಳಗು ಇವಕ್ಕೆ ಹೊಂದುವುದನ್ನು ಬೈಬಲ್ ವಿದ್ವಾಂಸ ಆರ್. ಎಚ್. ಲೈಟ್‌ಫುಟ್ 1950ರಷ್ಟು ಹಿಂದೆಯೇ ಗುರುತಿಸಿದ್ದರು. ಅವರ ಮಾತನ್ನು ಒಪ್ಪುವುದಾದರೆ ಮಾರ್ಕನ ಎಚ್ಚರ ಆಕಾಶ ನೋಡುವ ಎಚ್ಚರವಾಗಿ ಉಳಿಯುವುದಿಲ್ಲ. ಸಂಕಟದಲ್ಲಿರುವ ಒಬ್ಬನ ಪಕ್ಕದಲ್ಲಿ ಒಂದು ಗಂಟೆ ಕಣ್ಣು ಬಿಟ್ಟುಕೊಂಡು ಕೂರುವುದು ಅದರ ಮೊದಲ ಪರೀಕ್ಷೆ. ಆ ಪರೀಕ್ಷೆಯಲ್ಲಿ ಯಾರೂ ಗೆಲ್ಲಲಿಲ್ಲ.

ಆದರೂ ಮಾರ್ಕನಲ್ಲಿ ಬರಬೇಕಾದವನು ಯಜಮಾನ. ಅವನ ಜಾಗಕ್ಕೆ ಭಿಕ್ಷುಕ ಬಂದು ನಿಂತದ್ದು ಮತ್ತಾಯನಿಂದ. ಮತ್ತಾಯ 24ರ ನಂಬಿಗಸ್ತ ಆಳಿನ ಗುಣ ಒಂದೇ: ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುವುದು. ಕೆಟ್ಟವನು ಯಜಮಾನನನ್ನೇನೂ ಮರೆತಿಲ್ಲ. ತಡವಾಗುತ್ತದೆಂದು ಲೆಕ್ಕ ಹಾಕಿ ಜೊತೆಯ ಆಳುಗಳಿಗೆ ಹೊಡೆಯುತ್ತಾನೆ. 25ನೆಯ ಅಧ್ಯಾಯದಲ್ಲಿ ದೀಪದ ಎಣ್ಣೆಯ ಕನ್ಯೆಯರು, ತಲಾಂತುಗಳು, ಕೊನೆಗೆ ಕುರಿ ಮೇಕೆಗಳನ್ನು ಬೇರ್ಪಡಿಸುವ ಅರಸನ ಚಿತ್ರ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರಸ್ಥಳದವನಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಆರೂ ಮನೆಗೆಲಸದ ಅಳತೆಯವು, ಪವಾಡ ಒಂದೂ ಇಲ್ಲ. ಅರಸನು 'ಅತ್ಯಲ್ಪರಾದ ಸಹೋದರರು' ಎಂದು ಕರೆಯುವುದು ಯಾರನ್ನು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಲೋಕದ ಬಡವರೆಲ್ಲ ಎಂದು ಒಂದು ಪಕ್ಷ. ಊರೂರು ಅಲೆಯುತ್ತಿದ್ದ ಕ್ರೈಸ್ತ ಪ್ರಚಾರಕರು ಮಾತ್ರ ಎಂದು ಇನ್ನೊಂದು, ಅದಕ್ಕೆ 10ನೆಯ ಅಧ್ಯಾಯದ ಒಂದು ಲೋಟ ತಣ್ಣೀರಿನ ಮಾತು ಆಧಾರ. ಭಾಷೆಯ ದೃಷ್ಟಿಯಿಂದ ಎರಡನೆಯ ವಾದಕ್ಕೆ ಬಲವಿದೆ ಎಂದು ಒಪ್ಪಿಕೊಂಡೇ ಹೇಳುತ್ತೇನೆ: ಪರಂಪರೆ ಬದುಕಿದ್ದು ಮೊದಲನೆಯ ಓದನ್ನು. ಇನ್ನೊಂದು ಸೂಕ್ಷ್ಮ ಇಲ್ಲಿದೆ. ನೀತಿವಂತರಿಗೂ ತಾವು ಯಾರಿಗೆ ಬಡಿಸಿದೆವೆಂದು ಗೊತ್ತಿರಲಿಲ್ಲ. ಎರಡೂ ಗುಂಪಿನವರು ಕೇಳುವುದು ಒಂದೇ ಪ್ರಶ್ನೆ, ಯಾವಾಗ ಎಂದು.

ಕಾಲವನ್ನು ಲೆಕ್ಕ ಹಾಕಿದವರ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಥೆಸಲೋನಿಕದ ಸಭೆಯಲ್ಲಿ ಕೆಲಸ ಬಿಟ್ಟು ಕೂತವರನ್ನು ಪೌಲನ ಹೆಸರಿನ ಎರಡನೆಯ ಪತ್ರ ತರಾಟೆಗೆ ತೆಗೆದುಕೊಳ್ಳುತ್ತದೆ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು, 23ರ ಬೆಳಗು ಎಂದಿನಂತೆ ಆದದ್ದನ್ನು ಕಂಡರು. ತಾರೀಖನ್ನು ನಂಬಿದ ಸಿದ್ಧತೆಗೆ ಮರುದಿನ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಬಾಗಿಲ ಕೆಲಸಕ್ಕೆ ಆ ತೊಡಕಿಲ್ಲ, ಮರುದಿನವೂ ಯಾರಾದರೂ ಬಂದು ತಟ್ಟುತ್ತಾರೆ.

ಮಾರ್ಕನ ಬಾಗಿಲನ್ನೂ ಮತ್ತಾಯನ ಭಿಕ್ಷುಕನನ್ನೂ ಒಂದೇ ಜಾಗದಲ್ಲಿ ಕೂಡಿಸಿದ್ದು ಆರನೆಯ ಶತಮಾನದ ಇಟಲಿಯಲ್ಲಿ ಬೆನೆಡಿಕ್ಟನು ಬರೆದ ಮಠದ ನಿಯಮಾವಳಿ. ಅದರ 53ನೆಯ ಅಧ್ಯಾಯ ಅತಿಥಿಗಳನ್ನೆಲ್ಲ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸಿ ಮತ್ತಾಯ 25ನ್ನೇ ಸಾಕ್ಷಿಗೆ ಕರೆಯುತ್ತದೆ. ಬಡವರು ಮತ್ತು ಯಾತ್ರಿಕರ ಬಗ್ಗೆ ಹೆಚ್ಚಿನ ಕಾಳಜಿ ಬೇಕು ಎನ್ನುತ್ತದೆ. ಶ್ರೀಮಂತರಿಗೆ ಗೌರವ ಸಿಗಲು ಅವರ ಬಗೆಗಿನ ಅಂಜಿಕೆಯೇ ಸಾಕಲ್ಲ ಎಂಬ ಕಾರಣವನ್ನೂ ಕೊಡುತ್ತದೆ. ಮನುಷ್ಯಸ್ವಭಾವವನ್ನು ಹತ್ತಿರದಿಂದ ಕಂಡವನ ಮಾತಿದು. 66ನೆಯ ಅಧ್ಯಾಯ ಬಾಗಿಲಿನದು. ಅಲ್ಲಿ ವಿವೇಕಿಯಾದ ಒಬ್ಬ ಮುದುಕನಿರಬೇಕು. ಮಾತನ್ನು ಕೇಳಿಸಿಕೊಳ್ಳಲೂ ಉತ್ತರ ಕೊಡಲೂ ಬಲ್ಲವನಾಗಿರಬೇಕು, ಅಲ್ಲಿ ಇಲ್ಲಿ ಅಲೆಯದಷ್ಟು ವಯಸ್ಸು ಮಾಗಿರಬೇಕು. ಅವನ ಕೋಣೆ ಬಾಗಿಲಿಗೆ ಅಂಟಿಕೊಂಡಿರಬೇಕು, ಬಂದವರು ಯಾರೂ ಇಲ್ಲವೆಂದು ಹಿಂದಿರುಗಬಾರದು. ಯಾರಾದರೂ ಬಾಗಿಲು ತಟ್ಟಿದರೆ ಅಥವಾ ಬಡವನೊಬ್ಬ ಕೂಗಿದರೆ ತಕ್ಷಣ ಅವನು ದೇವರಿಗೆ ಕೃತಜ್ಞತೆ ಹೇಳಬೇಕು, ಇಲ್ಲವೆ ಆಶೀರ್ವಾದ ಕೇಳಬೇಕು. ಬಂದವನ ಹೆಸರು, ಕುಲ, ಉದ್ದೇಶಗಳ ವಿಚಾರಣೆಗೆ ಮೊದಲೇ ಈ ಕೃತಜ್ಞತೆ. ನಮ್ಮ ಗುಡಿಗಳ ದ್ವಾರಪಾಲಕರು ಗದೆ ಹಿಡಿದು ನಿಂತವರು. ಸನಕಾದಿಗಳನ್ನು ತಡೆದ ಜಯ ವಿಜಯರಿಗೆ ಶಾಪ ತಟ್ಟಿದ ಕಥೆ ನಮಗೆಲ್ಲ ಗೊತ್ತು. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಬೆನೆಡಿಕ್ಟನ ಮುದುಕ ತೀರ ವಿಚಿತ್ರವಾಗಿ ಕಾಣುತ್ತಾನೆ. ತಡೆಯುವ ಕೆಲಸದ ಬಗ್ಗೆ ಆ ಅಧ್ಯಾಯದಲ್ಲಿ ಅವನಿಗೆ ಒಂದು ಸೂಚನೆಯೂ ಇಲ್ಲ.

ಈ ಅಧ್ಯಾಯದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಸುಲಭವಾಗಿ ಕಣ್ಣು ತಪ್ಪಿಸುವ ಒಂದು ವಾಕ್ಯ: ಮುದುಕನಿಗೆ ಸಹಾಯ ಬೇಕಾದರೆ ಚಿಕ್ಕ ವಯಸ್ಸಿನ ಸಹೋದರನೊಬ್ಬನನ್ನು ಕೊಡಬೇಕು. ದಯೆಗೂ ಬೆನ್ನು ನೋಯುತ್ತದೆ ಎಂದು ಈ ನಿಯಮ ಬರೆದವನಿಗೆ ಗೊತ್ತಿತ್ತು. ಅಧ್ಯಾಯದ ಕೊನೆಯಲ್ಲಿ, ಈ ನಿಯಮಾವಳಿಯನ್ನು ಸಮುದಾಯದಲ್ಲಿ ಆಗಾಗ ಓದಬೇಕೆಂಬ ಸೂಚನೆ ಬರುತ್ತದೆ. ಹೀಗಾಗಿ ಮೊದಲ ರೂಪದಲ್ಲಿ ಗ್ರಂಥ ಇಲ್ಲಿಗೇ ಮುಗಿದಿತ್ತು, ಉಳಿದ ಏಳು ಅಧ್ಯಾಯಗಳು ಆಮೇಲೆ ಸೇರಿದವು ಎಂದು ಹಲವು ವಿದ್ವಾಂಸರು ತರ್ಕಿಸುತ್ತಾರೆ. ಸನ್ಯಾಸಿಯ ದಿನಚರಿಯನ್ನೆಲ್ಲ ವಿಧಿಸಿದ ಪುಸ್ತಕ ಹೊರಬಾಗಿಲಿಗೆ ಬಂದು ನಿಂತಿತ್ತು ಎಂದಾಯಿತು.

ಸಾವಿರ ವರ್ಷದ ನಂತರ ಈ ಕೆಲಸಕ್ಕೆ ಕೂತವರ ಸ್ವರೂಪ ಬದಲಾಗಿತ್ತು. ಅಲ್ಫೋನ್ಸೊ ರೊಡ್ರಿಗೆಸ್ ಸ್ಪೇನಿನ ಸೆಗೋವಿಯಾದ ಉಣ್ಣೆ ವ್ಯಾಪಾರಿ. ಹೆಂಡತಿ ತೀರಿಕೊಂಡಳು, ಮಕ್ಕಳೂ ಹೋದರು. ಯೇಸುಸಭೆ ಎಂಬ ಸನ್ಯಾಸಿ ಸಂಘಕ್ಕೆ ಸೇರಲು ಬಂದಾಗ ವಯಸ್ಸಾಗಿತ್ತು, ಓದು ಸಾಲದಾಗಿತ್ತು. 1571ರಲ್ಲಿ ಪೌರೋಹಿತ್ಯವಿಲ್ಲದ ಸಹೋದರನಾಗಿ ಅವನನ್ನು ಸೇರಿಸಿಕೊಂಡು, ಮಯೋರ್ಕಾ ದ್ವೀಪದ ಪಾಲ್ಮಾದಲ್ಲಿದ್ದ ಮೋಂತೆಸಿಯೋನ್ ಕಾಲೇಜಿಗೆ ಕಳಿಸಿದರು. ಅಲ್ಲಿ ದಶಕಗಳ ಕಾಲ ಅವನ ಕೆಲಸ ಬಾಗಿಲು ತೆರೆಯುವುದು, ಯಾರನ್ನು ಯಾರು ಕಾಣಲು ಬಂದಿದ್ದಾರೆಂದು ತಿಳಿಸುವುದು, ಪತ್ರ ಮುಟ್ಟಿಸುವುದು, ಬಡವರಿಗೆ ಕೈಲಾದದ್ದು ಕೊಡುವುದು. ಗಂಟೆ ಬಾರಿಸಿದಾಗಲೆಲ್ಲ ಸ್ವಾಮಿಯೇ ಬಂದನೆಂಬಂತೆ ಬಂದೆ ಬಂದೆ ಎನ್ನುತ್ತ ಓಡುತ್ತಿದ್ದನೆಂದು ಪ್ರತೀತಿ. 1617ರಲ್ಲಿ ಅಲ್ಲೇ ತೀರಿಕೊಂಡ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ತಟ್ಟಿದವನು ಕ್ರಿಸ್ತನೆಂದು ಮೊದಲೇ ತಿಳಿದುಕೊಂಡು ಬಾಗಿಲು ತೆರೆದರೆ ಮತ್ತಾಯನ ನೀತಿವಂತರ ಅಚ್ಚರಿ ಎಲ್ಲಿ ಉಳಿಯಿತು? ಹಸಿದವನು ಪುಣ್ಯದ ಲೆಕ್ಕಕ್ಕೆ ಒಂದು ನೆಪವಾದಂತಾಯಿತಲ್ಲ? ಆಕ್ಷೇಪ ಹುರುಳಿಲ್ಲದ್ದಲ್ಲ. ದಾನದ ಕ್ರೈಸ್ತ ಚರಿತ್ರೆಯಲ್ಲಿ ಬಡವನ ಮುಖ ಕಾಣದೆ ಸ್ವರ್ಗವನ್ನಷ್ಟೇ ಕಂಡವರು ಬೇಕಾದಷ್ಟಿದ್ದಾರೆ. ಆದರೆ ಬಾಗಿಲ ಕೆಲಸದ ಲಕ್ಷಣವೇ ಬೇರೆ. ದಿನಕ್ಕೆ ಹತ್ತಾರು ಸಲ, ವರ್ಷಾನುಗಟ್ಟಲೆ ಬಾಗಿಲು ತೆರೆಯುವವನ ತಲೆಯಲ್ಲಿ ಯಾವ ಧ್ಯಾನವೂ ಪ್ರತಿ ಸಲ ನಿಲ್ಲಲಾರದು. ಮಂತ್ರ ಬಾಯಿಪಾಠವಾಗುತ್ತದೆ, ಕಾಲು ತಾನಾಗಿ ಏಳುತ್ತದೆ. ಕೊನೆಗೆ ಉಳಿಯುವುದು ಬಂದವನನ್ನು ಕಾಯಿಸಬಾರದೆಂಬ ಅಭ್ಯಾಸ ಮಾತ್ರ. ನೀತಿವಂತರ ಅರಿವಿಲ್ಲದಿರುವಿಕೆ ಹೀಗೆ ಹಿಂದಿನ ಬಾಗಿಲಿನಿಂದ ಮರಳಿ ಬರುತ್ತದೆ ಎಂದು ನನಗನಿಸುತ್ತದೆ.

1605ರಲ್ಲಿ ಅದೇ ಕಾಲೇಜಿಗೆ ಓದಲು ಬಂದ ಪೆದ್ರೊ ಕ್ಲಾವೆರ್ ಎಂಬ ಕತಲಾನ್ ತರುಣ ಈ ಮುದುಕನ ಒಡನಾಡಿಯಾದ. ಅಮೆರಿಕಕ್ಕೆ ಹೋಗಲು ಅವನನ್ನು ಹುರಿದುಂಬಿಸಿದ್ದು ಅಲ್ಫೋನ್ಸೊ. 1610ರಲ್ಲಿ ಹೊರಟ ಕ್ಲಾವೆರ್ ಮುಂದೆ ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರಿನಲ್ಲಿ ನೆಲೆಸಿದ. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡ ಹಡಗು ಬಂದರೆ ಸಾಕು, ಹಣ್ಣು, ನೀರು, ಔಷಧಿ ಹೊತ್ತು ದುಭಾಷಿಗಳೊಡನೆ ಅದರ ತಳಕ್ಕೆ ಇಳಿಯುತ್ತಿದ್ದ. ಗುರುವಿನ ಬಾಗಿಲು ಶಿಷ್ಯನಿಗೆ ಬಂದರಾಯಿತು. ಕಾಯುವುದು, ಬಂದೊಡನೆ ಏಳುವುದು ಎರಡಕ್ಕೂ ಸಮಾನ. ಆದರೆ ಆ ಹಡಗು ಬರುವುದೇ ಏಕೆ ಎಂಬ ಪ್ರಶ್ನೆಯನ್ನು ಕ್ಲಾವೆರ್ ವ್ಯವಸ್ಥೆಯ ಮುಂದೆ ಇಟ್ಟವನಲ್ಲ. ಗುಲಾಮಗಿರಿಯ ಸೊಂಟ ಮುರಿಯುವ ವಾದವನ್ನು ಆ ಶತಮಾನದಲ್ಲಿ ಮಾಡಿದವರು ಬೇರೆ ಕೆಲವರು, ಅವರು ಸಂತರೆನಿಸಿಕೊಳ್ಳಲಿಲ್ಲ. ಬಾಗಿಲ ದಯೆಯ ಮಿತಿ ಇದು: ತಟ್ಟಿದವನಿಗೆ ಅದು ಉತ್ತರ ಕೊಡುತ್ತದೆ, ಅವನನ್ನು ಬೀದಿಗೆ ತಳ್ಳಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಗುರುಶಿಷ್ಯರಿಬ್ಬರನ್ನೂ 13ನೆಯ ಲಿಯೋ ಪೋಪರು 1888ರಲ್ಲಿ ಒಂದೇ ದಿನ ಸಂತರೆಂದು ಘೋಷಿಸಿದರು.

ಬಾಗಿಲ ಸಂತರ ಸಾಲು ಅಲ್ಲಿಗೆ ನಿಲ್ಲಲಿಲ್ಲ. ಬವೇರಿಯಾದ ಆಲ್ಟೋಟಿಂಗಿನಲ್ಲಿ ಪಾರ್ಜಾಮಿನ ಕೊನ್ರಾಡ್ ಎಂಬ ರೈತನ ಮಗ 41 ವರ್ಷ ಕಪುಚಿನ್ ಮಠದ ಬಾಗಿಲಲ್ಲಿ ಕೂತ. 1894ರ ಏಪ್ರಿಲ್‌ನಲ್ಲಿ ಆ ಕೆಲಸ ಬಿಟ್ಟ ಮೂರನೆಯ ದಿನಕ್ಕೆ ಸತ್ತ. ಮಾಂಟ್ರಿಯಲಿನಲ್ಲಿ ಸರಿಯಾಗಿ ಓದುಬರಹ ಬಾರದ, ಸದಾ ಕಾಯಿಲೆಯ ಆಂದ್ರೆ ಬೆಸೆಟ್ ಸುಮಾರು 40 ವರ್ಷ ಕಾಲೇಜೊಂದರ ಬಾಗಿಲು ಕಾದ, ಹುಡುಗರ ಕೂದಲು ಕತ್ತರಿಸಿದ. ಮಠಕ್ಕೆ ಸೇರಿದಾಗ ತನಗೆ ಬಾಗಿಲು ತೋರಿಸಿದರು, ತಾನು ಅಲ್ಲೇ ಉಳಿದುಬಿಟ್ಟೆ ಎಂದು ಅವನೇ ನಗೆಯಾಡುತ್ತಿದ್ದನಂತೆ. ಬೆನೆಡಿಕ್ಟ್ ಈ ಜಾಗಕ್ಕೆ ಕೇಳಿದ್ದು ವಿವೇಕಿಯನ್ನು. ಸಂಸ್ಥೆಗಳು ಮುಂದೆ ಕಳಿಸಿದ್ದು ಬೇರೆ ಯಾವುದಕ್ಕೂ ಆಗದವರೆಂದು ತಾವು ಎಣಿಸಿದವರನ್ನು.

ಹುದ್ದೆಯ ಚರಿತ್ರೆಯೂ ಇದೇ ವಕ್ರದಾರಿ ಹಿಡಿದಿದೆ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವನ್ನು ಯುಸೇಬಿಯಸ್ ತನ್ನ ಸಭಾಚರಿತ್ರೆಯಲ್ಲಿ ಉಳಿಸಿದ್ದಾನೆ. ಆ ನಗರದ ಸಭೆಯಲ್ಲಿ 46 ಹಿರಿಯರು, 7 ಡೀಕನರು, 7 ಉಪಡೀಕನರು, ಪೂಜೆಯಲ್ಲಿ ನೆರವಾಗುವ 42 ಅಕೋಲಿತರು. ಭೂತೋಚ್ಚಾಟಕರು, ವಾಚಕರು, ದ್ವಾರಪಾಲಕರು ಸೇರಿ 52. ಪಟ್ಟಿ ಅಲ್ಲಿಗೆ ನಿಲ್ಲದೆ 1500ಕ್ಕೂ ಹೆಚ್ಚು ವಿಧವೆಯರು ಹಾಗೂ ಸಂಕಟಗ್ರಸ್ತರನ್ನು ಎಣಿಸುತ್ತದೆ. ಅಧಿಕಾರದ ಏಣಿಯ ಕೊನೆಯ ಮೆಟ್ಟಿಲು ದ್ವಾರಪಾಲಕ. ಅವನ ಮಗ್ಗುಲಿಗೇ ಹಸಿದವರ ಸಂಖ್ಯೆ. ಕಾಲಾನಂತರದಲ್ಲಿ ಈ ಹುದ್ದೆ ಪುರೋಹಿತನಾಗುವವನು ದಾಟಬೇಕಾದ ಒಂದು ವಿಧಿಯಷ್ಟೇ ಆಯಿತು: ಬೀಗದ ಕೈ ಮುಟ್ಟಿಸುವುದು, ಬಾಗಿಲೊಂದನ್ನು ಮುಚ್ಚಿ ತೆರೆಸುವುದು, ಗಂಟೆ ಹೊಡೆಸುವುದು. ಆ ಪದವಿ ಪಡೆದವರು ಬಾಗಿಲು ಕಾಯಲಿಲ್ಲ. ಬಾಗಿಲು ಕಾದ ಅಲ್ಫೋನ್ಸೊ, ಕೊನ್ರಾಡ್, ಆಂದ್ರೆಯರಿಗೆ ಆ ಪದವಿ ಇರಲಿಲ್ಲ. 1972ರಲ್ಲಿ 6ನೆಯ ಪೌಲ್ ಪೋಪರು ಚಿಕ್ಕ ಪದವಿಗಳನ್ನು ಪರಿಷ್ಕರಿಸಿದಾಗ ವಾಚಕ ಉಳಿದ, ಅಕೋಲಿತ ಉಳಿದ, ದ್ವಾರಪಾಲಕನ ಪದವಿ ಹೋಯಿತು. ಯಾರೂ ಹೆಚ್ಚು ಅತ್ತಂತಿಲ್ಲ.

ಪದವಿಯೂ ಬಾಗಿಲ ಕೆಲಸವೂ ಕೂಡಿಬಂದ ಒಂದು ಉದಾಹರಣೆ ಅಮೆರಿಕದ್ದು. ಕಪುಚಿನ್ ಸನ್ಯಾಸಿ ಸೊಲಾನಸ್ ಕೇಸಿ 1904ರಲ್ಲಿ ಪುರೋಹಿತದೀಕ್ಷೆ ಪಡೆದವರು. ಹಾಗಾಗಿ ಬೀಗದ ಕೈ, ಗಂಟೆಗಳ ಆ ವಿಧಿಯನ್ನೂ ದಾಟಿಯೇ ಬಂದವರು. ಓದಿನಲ್ಲಿ ಹಿಂದೆ ಎಂಬ ಕಾರಣಕ್ಕೆ ಪಾಪನಿವೇದನೆ ಕೇಳಲು, ವಿಧಿವತ್ತಾದ ಪ್ರವಚನ ಮಾಡಲು ಅವರಿಗೆ ಅನುಮತಿ ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ, 1924ರಿಂದ ಡೆಟ್ರಾಯಿಟಿನ ಸಂತ ಬೊನವೆಂತುರ ಮಠದಲ್ಲಿ, ಅವರಿಗೆ ವಹಿಸಿದ್ದು ಬಾಗಿಲು. ಬಂದವರ ಕಷ್ಟಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡರು. 1929ರಲ್ಲಿ ಕೆಲಸ ಕಳೆದುಕೊಂಡವರು ಆ ಬಾಗಿಲಿಗೆ ಬರತೊಡಗಿದಾಗ ಮಠ ಊಟದ ಮನೆ ತೆರೆಯಿತು. ಡೆಟ್ರಾಯಿಟಿನಲ್ಲಿ ಅದು ಈಗಲೂ ನಡೆಯುತ್ತಿದೆ.