ಗ್ರಾಮ ಯೋಜನೆಗೆ ಮುನ್ನ ಭೂಸ್ವರೂಪದ ಮೌಲ್ಯಮಾಪನ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು

ಒಂದೇ ಗ್ರಾಮದಲ್ಲಿಯೂ ಭೂಮಿಯೆಲ್ಲ ಒಂದೇ ಬಗೆಯದಾಗಿರುವುದಿಲ್ಲ. ಇಳಿಜಾರು, ಮಣ್ಣು, ನೀರಿನ ಹರಿವು ಹಾಗೂ ಇಂದಿನ ಬಳಕೆಯನ್ನು ಒಟ್ಟಾಗಿ ಪರಿಶೀಲಿಸಿ ಗ್ರಾಮದ ಭೂಮಿಯನ್ನು ಭಾಗಗಳಾಗಿ ಗುರುತಿಸುವುದೇ ಭೂಸ್ವರೂಪದ ಮೌಲ್ಯಮಾಪನ. ಒಂದು ಭಾಗಕ್ಕೆ ಹಿತವಾದ ಕಾಮಗಾರಿ ಇನ್ನೊಂದಕ್ಕೆ ಹಾನಿ ತರಬಹುದು. ಆದುದರಿಂದ ಗ್ರಾಮ ಪಂಚಾಯತಿಯ ಕ್ರಿಯಾ ಯೋಜನೆ ಸಿದ್ಧವಾಗುವ ಮುನ್ನವೇ ಇದನ್ನು ಕೈಗೊಳ್ಳುವುದು ಸೂಕ್ತ.

ಈ ಪ್ರದೇಶದ ಮುಖ್ಯ ಭೂಭಾಗಗಳು

1. ಹೊಳೆಸಾಲು: ಕೃಷ್ಣಾ, ದೂಧಗಂಗಾ ಹಾಗೂ ವೇದಗಂಗಾ ನದಿಗಳ ತೀರ. 2005, 2019 ಮತ್ತು 2021ರಲ್ಲಿ ನೆರೆ ಕಂಡ ಪ್ರದೇಶವಿದು. ನೆರೆಯ ಮಟ್ಟಕ್ಕಿಂತ ಕೆಳಗೆ ಮನೆ, ದನದ ಕೊಟ್ಟಿಗೆ, ಗೋದಾಮುಗಳನ್ನು ಯೋಜಿಸಬಾರದು.

2. ನೀರಾವರಿಯ ಎರೆ ಭೂಮಿ: ರಾಯಬಾಗ ತಾಲ್ಲೂಕಿನ ಘಟಪ್ರಭಾ ಎಡದಂಡೆ ಕಾಲುವೆಯ ಪ್ರದೇಶ ಹಾಗೂ ನದಿಯಿಂದ ನೀರೆತ್ತಿ ಕಬ್ಬು ಬೆಳೆಯುವ ಹೊಲಗಳು. ಅತಿಯಾದ ನೀರು ಹಾಗೂ ಬಸಿಯುವಿಕೆಯ ಕೊರತೆಯಿಂದ ಇಲ್ಲಿ ಸವಳು-ಜವಳು ಉಂಟಾಗುತ್ತದೆ. ಬಸಿಗಾಲುವೆಯೇ ಇಲ್ಲಿನ ಮೊದಲ ಅಗತ್ಯ.

3. ಇಳಿಜಾರು ಭೂಮಿ: ನಿಪ್ಪಾಣಿ, ಚಿಕ್ಕೋಡಿ ಭಾಗದ ತಂಬಾಕು, ಸೋಯಾಅವರೆ, ಶೇಂಗಾ ಬೆಳೆಯುವ ಏರು ಹೊಲಗಳು. ಮಣ್ಣಿನ ಸವಕಳಿ ತಡೆಯಲು ಬದು ನಿರ್ಮಿಸಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ ಮಾಡಬೇಕು.

4. ಮಳೆಯಾಶ್ರಿತ ಒಣಭೂಮಿ ಮತ್ತು ಮಡ್ಡಿ: ಅಥಣಿ ತಾಲ್ಲೂಕಿನ ತೆಲಸಂಗ, ಅನಂತಪುರ ಭಾಗ. ಕೃಷಿ ಹೊಂಡ, ಒಡ್ಡು ಹಾಗೂ ಮೇವಿನ ಹುಲ್ಲುಗಾವಲು ಇಲ್ಲಿಗೆ ಸೂಕ್ತ.

ಮೌಲ್ಯಮಾಪನದ ವಿಧಾನ

• ಗ್ರಾಮ ನಕಾಶೆಯೊಂದಿಗೆ ಅತಿ ಎತ್ತರದ ದಿಣ್ಣೆಯಿಂದ ಹಳ್ಳದವರೆಗೆ ನಡೆದು ನೋಡಿರಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡುವುದು ಅವಶ್ಯಕ.
• ಹಿರಿಯರನ್ನು ವಿಚಾರಿಸಿ ನೆರೆ ತಲುಪಿದ ಮಟ್ಟ, ಮುಚ್ಚಿಹೋದ ಹಳ್ಳ ಹಾಗೂ ಹಳೆಯ ಬಾವಿಗಳನ್ನು ನಕಾಶೆಯಲ್ಲಿ ಗುರುತಿಸಿರಿ.
• ಪ್ರತಿ ಭಾಗದಿಂದ ಮಣ್ಣಿನ ಮಾದರಿ ಪರೀಕ್ಷಿಸಿರಿ. ಸಂಪೃಕ್ತ ಸಾರದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಮಣ್ಣು ಸವಳಾಗಿದೆಯೆಂದು ತಿಳಿಯಬೇಕು. ರಸಸಾರ 8.5 ಮೀರಿದ್ದರೆ ಕ್ಷಾರವಾಗಿರುವ ಸಂಭವವಿದೆ. ಜಿಪ್ಸಂ ಕ್ಷಾರ ಮಣ್ಣಿಗೆ ಮಾತ್ರ; ಬಸಿಗಾಲುವೆಯಿಲ್ಲದೆ ಅದರ ಪ್ರಯೋಜನವಾಗದು.

ನಿರ್ಧಾರಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಹೊಸ ರಸ್ತೆಯು ಹಳ್ಳದ ಹರಿವಿಗೆ ಅಡ್ಡವಾಗುವುದೇ? ಹಾಗಿದ್ದಲ್ಲಿ ಸಾಕಷ್ಟು ಅಗಲದ ಸೇತುವೆಯನ್ನು ಅಂದಾಜಿನಲ್ಲಿಯೇ ಸೇರಿಸಬೇಕು.
• 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಪರಿವರ್ತಿಸಲು ಬಯಸುವ ಭೂಮಿ ಆಳವಾದ ಎರೆ ಮಣ್ಣಿನದೇ? ಬಡಾವಣೆಯಾದ ಎರೆ ಭೂಮಿ ಮರಳಿ ಹೊಲವಾಗದು.
• ಬಸಿಗಾಲುವೆಯ ನೀರು ಎಲ್ಲಿ ಸೇರುವುದು? ಒಬ್ಬರ ಹೊಲದ ಅಂಚಿನಲ್ಲಿ ನಿಂತ ಬಸಿಗಾಲುವೆ ಕೆಳಗಿನವರ ಹೊಲವನ್ನು ಜವಳಾಗಿಸುತ್ತದೆ.

ನೀರು ಸರ್ವೆ ನಂಬರಿನ ಗಡಿಯನ್ನು ಅರಿಯದು. ಆದುದರಿಂದ ಹಿಡುವಳಿವಾರು ಕಾಮಗಾರಿಗಿಂತ ದಿಣ್ಣೆಯಿಂದ ಹಳ್ಳದವರೆಗಿನ ಭೂಭಾಗವನ್ನೇ ಘಟಕವಾಗಿಟ್ಟು ಯೋಜಿಸುವುದು ಲೇಸು. ವಿಸ್ತರಣಾ ಕಾರ್ಯಕರ್ತರು ಈ ನಕಾಶೆಯನ್ನು ಗ್ರಾಮ ಸಭೆಯ ಮುಂದಿಟ್ಟು, ಮೇಲಿನ ಹಾಗೂ ಕೆಳಗಿನ ಹೊಲಗಳ ರೈತರಿಬ್ಬರ ಒಪ್ಪಿಗೆ ಪಡೆದ ನಂತರವೇ ಕಾಮಗಾರಿಗಳನ್ನು ಶಿಫಾರಸು ಮಾಡಬೇಕು.