ಹೊರಡುವಾಗ ‘ಬರುತ್ತೇನೆ’
(ರುಂಡಾದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹುಡುಕುವ ಕೆಲಸ ಇಂದಿನದಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ ಹೊರಬಂದದ್ದು 1824ರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶದ ಸ್ವಾರಸ್ಯವೇ ಬೇರೆ. ಜರ್ಮನ್ ಮನೆಮಾತಿನ ಪಾದ್ರಿಯೊಬ್ಬರು ತಮ್ಮದಲ್ಲದ ಕನ್ನಡಕ್ಕೆ ತಮ್ಮದಲ್ಲದ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಅಲ್ಲಲ್ಲಿ ಗಾದೆಗಳನ್ನೂ ಸೇರಿಸಿದರು. ಪದಕ್ಕೆ ಪದವಿಟ್ಟರೆ ಸಾಲದೆಂಬುದು ಪರಭಾಷಿಕನಿಗೇ ಹೆಚ್ಚು ಗೊತ್ತು!

‘ಕ್ಯಾಟ್ಸ್ ಅಂಡ್ ಡಾಗ್ಸ್’ ಮಳೆಯಲ್ಲಿ ಬೆಕ್ಕು ನಾಯಿಗಳನ್ನು ಹುಡುಕುವ ವಿದ್ಯಾರ್ಥಿ ದಡ್ಡನಲ್ಲ. ಆ ಮಾತಿನ ಹುಟ್ಟನ್ನು ಇಂಗ್ಲಿಷ್ ವಿದ್ವಾಂಸರೇ ಇನ್ನೂ ನಿಶ್ಚಯಿಸಿಲ್ಲ. ನಮ್ಮ ಕುಂಭದ್ರೋಣ ಮಳೆಯೂ ಹೊರಗಿನವರಿಗೆ ಅಷ್ಟೇ ಒಗಟು.

ಇಲ್ಲಿ ನೈರೋಬಿಯಲ್ಲಿ, ಎದ್ದು ಹೊರಗೆ ಹೋಗುವವರೇ ‘ಐ ಆಮ್ ಕಮಿಂಗ್’ ಎನ್ನುವುದುಂಟು. ಅದು ಸ್ವಾಹಿಲಿಯ ‘ನಕುಜಾ’ದ ನೆರಳು, ಈಗಲೇ ಮರಳುವೆನೆಂಬ ಭಾವ. ಲಂಡನ್ನಿನವರು ತಬ್ಬಿಬ್ಬಾಗಬಹುದು. ಹೊರಡುವಾಗ ‘ಹೋಗುತ್ತೇನೆ’ ಎನ್ನಲು ಬಾಯಿ ಬಾರದೆ ‘ಬರುತ್ತೇನೆ’ ಎನ್ನುವ ನಾವು ಆಗಬೇಕಿಲ್ಲ. ಆದರೆ ಇಲ್ಲಿಯೇ ಹುಟ್ಟಿ, ಇಂಗ್ಲಿಷಿನಲ್ಲೇ ಯೋಚಿಸುವ ನಮ್ಮ ಮಕ್ಕಳು? ಪರಿಚಿತರ ಮನೆಯಲ್ಲಿ, ಊರಿಗೆ ಹೊರಟ ಅಜ್ಜಿ ‘ಬರ್ತೀನಿ ಕಂದಾ’ ಎಂದು ವಿಮಾನ ಹತ್ತಿದರು. ಮಗು ಸಂಜೆಯವರೆಗೂ ಬಾಗಿಲಲ್ಲೇ ಕಾದು ಕುಳಿತಿತ್ತಂತೆ.