ಪ್ರೌಢಶಾಲೆ ಬೇಸರವಾದಾಗ: ಬಿಡುವ ಮುನ್ನ ಯೋಚಿಸಬೇಕಾದದ್ದು

ಕೋಲಾರದಿಂದ ಮುಳಬಾಗಿಲಿಗೆ ಸಾಗುವ ಹೆದ್ದಾರಿಯ ಬದಿಯಲ್ಲಿ, ಬಂಡೆಗಲ್ಲಿನ ಬೆಟ್ಟಗಳ ಆಸರೆಯಲ್ಲಿರುವ ಊರು ದೇವರಾಯಸಮುದ್ರ. ಇಂತಹ ಊರುಗಳಲ್ಲಿ ಹದಿಹರೆಯದ ಹುಡುಗನೊಬ್ಬ ‘ನಾಳೆಯಿಂದ ಸ್ಕೂಲಿಗೆ ಹೋಗಲ್ಲ’ ಎಂದರೆ ಮನೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆಯದು. ಒಂದು ಗದರಿಕೆ, ಇನ್ನೊಂದು ‘ಹಾಗಾದರೆ ಟೊಮೆಟೊ ತೋಟಕ್ಕೆ ಬಾ’ ಎಂಬ ಮಾತು. ‘ಯಾಕೆ ಹೋಗಲ್ಲ?’ ಎಂಬ ಪ್ರಶ್ನೆ ಎರಡರಲ್ಲೂ ಇರುವುದಿಲ್ಲ. ಶಾಲೆ ಬಿಡುವ ವಿಚಾರ ಬಂದಾಗ ಮೊದಲು ಕೇಳಬೇಕಾದದ್ದು ಅದನ್ನೇ.

ಡಿವಿಜಿ ಉದಾಹರಣೆ

ಶಾಲೆ ಬಿಡುವವರ ಪರವಾಗಿ ಈ ತಾಲ್ಲೂಕಿನಲ್ಲಿ ಸುಲಭವಾಗಿ ಸಿಗುವ ಹೆಸರು ಡಿ.ವಿ. ಗುಂಡಪ್ಪನವರದು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಆದರೂ ಪತ್ರಕರ್ತರಾದರು, 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಪ್ರಕಟಿಸಿದರು. 1974ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂತು. ಆದರೆ ಅವರು ತರಗತಿಯಿಂದ ಹೊರಬಿದ್ದರೇ ಹೊರತು ಓದಿನಿಂದಲ್ಲ. ಸಂಸ್ಕೃತ, ಇಂಗ್ಲಿಷ್, ವೇದಾಂತ, ರಾಜ್ಯಶಾಸ್ತ್ರಗಳನ್ನು ಜೀವನವಿಡೀ ಸ್ವಂತ ಶ್ರಮದಿಂದ ಅಭ್ಯಾಸ ಮಾಡಿದರು.

ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ.ವರೆಗೆ ಓದಿ, ಸರ್ಕಾರಿ ಅಧಿಕಾರಿಯಾಗಿ, 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಒಂದೇ ಸೀಮೆಯ ಈ ಇಬ್ಬರ ದಾರಿಗಳು ಬೇರೆ ಬೇರೆ. ಇಬ್ಬರಲ್ಲೂ ಸಮಾನವಾಗಿದ್ದದ್ದು ಓದಿನ ಹಸಿವು.

ಬೇಸರದ ಬೇರು ಎಲ್ಲಿ?

‘ಶಾಲೆ ಇಷ್ಟವಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಹಲವು ಕಾರಣಗಳಿರಬಹುದು. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರ ಭಾಗದ ಅನೇಕ ಮನೆಗಳ ಮಾತು ತೆಲುಗು. ಶಾಲೆಯ ಮಾತು ಕನ್ನಡ. ಮಾಧ್ಯಮ ಬದಲಾಯಿಸಿದವರಿಗೆ ಪಠ್ಯಪುಸ್ತಕ ಇಂಗ್ಲಿಷಿನಲ್ಲಿ. ಪಾಠ ಅರ್ಥವಾಗದ ಮಗು ದಡ್ಡನೆನಿಸಿಕೊಂಡು ಮೌನಕ್ಕೆ ಜಾರುವುದುಂಟು. ಇದಕ್ಕೆ ಪರಿಹಾರ ಮಾಧ್ಯಮವನ್ನೋ ಶಾಲೆಯನ್ನೋ ಬದಲಿಸುವುದು, ಇಲ್ಲವೇ ಹೆಚ್ಚುವರಿ ಪಾಠ, ಓದು ನಿಲ್ಲಿಸುವುದಲ್ಲ.

ಸಹಪಾಠಿಗಳ ಹೀಯಾಳಿಕೆ ಅಥವಾ ಶಿಕ್ಷಕರ ಹೊಡೆತ ಕಾರಣವಾಗಿದ್ದರೆ ಅದು ದೂರಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮುಖ್ಯಶಿಕ್ಷಕರು, ಶಾಲಾಭಿವೃದ್ಧಿ ಸಮಿತಿ, ಕ್ಷೇತ್ರ ಶಿಕ್ಷಣಾಧಿಕಾರಿ ಹೀಗೆ ಹಂತಹಂತವಾಗಿ ದೂರು ನೀಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ನೇರವಾಗಿ ಕರೆ ಮಾಡಬಹುದು.

ನಿದ್ದೆ, ಊಟ, ಆಟ ಯಾವುದೂ ಬೇಡವಾಗಿ ವಾರಗಟ್ಟಲೆ ಮಂಕು ಕವಿದಿದ್ದರೆ, ಸಾಯುವ ಮಾತು ಬಾಯಿಗೆ ಬಂದರೆ, ಅದು ಶಾಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಶಾಲೆ ಬಿಟ್ಟ ಮಾತ್ರಕ್ಕೆ ಅಂತಹ ಮಂಕು ಕರಗದು. ಅದಕ್ಕೆ ತಡಮಾಡದೆ ವೈದ್ಯರ ನೆರವು ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.

ಕಾನೂನಿನ ಗೆರೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಖಾತರಿಪಡಿಸುತ್ತದೆ. ಪ್ರೌಢಶಾಲೆಯ ನಡುವೆಯೇ ಈ ರಕ್ಷಣೆ ಮುಗಿಯುತ್ತದೆ ಎಂಬುದು ಗಮನಾರ್ಹ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯು 14ರಿಂದ 18 ವರ್ಷದವರನ್ನು ಗಣಿಗಾರಿಕೆಯಂತಹ ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನು ನಿಷೇಧಿಸಿದೆ. ಶಾಲೆ ಬಿಟ್ಟ ಹೆಣ್ಣುಮಕ್ಕಳ ಮನೆಯಲ್ಲಿ ಮದುವೆಯ ಮಾತು ಬೇಗ ಏಳುತ್ತದೆ. 18 ತುಂಬುವ ಮುನ್ನ ಆ ಮದುವೆ ಅಪರಾಧ. ಹೆಣ್ಣುಮಗಳ ಪಾಲಿಗೆ ಶಾಲೆ ಎಷ್ಟೋ ವೇಳೆ ಪಾಠಕ್ಕಿಂತ ದೊಡ್ಡ ರಕ್ಷೆ.

ಮುಚ್ಚುವ ಬಾಗಿಲುಗಳು

ಡಿವಿಜಿ ಅವರ ಕಾಲದಲ್ಲಿ ಮೆಟ್ರಿಕ್ ಇಲ್ಲದೆಯೂ ಪತ್ರಿಕಾ ಕಚೇರಿಯ ಬಾಗಿಲು ತೆರೆದಿತ್ತು. ಇಂದು ಸಾರಿಗೆ ನಿಗಮದ ಚಾಲಕ ಹುದ್ದೆಗೂ ಎಸ್ಸೆಸ್ಸೆಲ್ಸಿ ಬೇಕು. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಬೇಕು. ಡಿಪ್ಲೊಮಾಕ್ಕೂ ಐಟಿಐನ ಬಹುತೇಕ ವೃತ್ತಿಗಳಿಗೂ ಹತ್ತನೇ ತರಗತಿಯೇ ಮೆಟ್ಟಿಲು. ಎಂಟನೇ ತರಗತಿಯ ಮೇಲೆ ಪ್ರವೇಶ ಸಿಗುವ ಐಟಿಐ ವೃತ್ತಿಗಳು ಕೆಲವೇ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಕೂಗಳತೆಯಲ್ಲಿದ್ದರೂ ಅಂಕಪಟ್ಟಿ ಇಲ್ಲದವರ ಆಯ್ಕೆ ಅಲ್ಲಿಯೂ ಕಿರಿದಾಗುತ್ತದೆ.

ನಡುವಿನ ದಾರಿಗಳು

ಶಾಲೆಯೇ ಒಗ್ಗದವರಿಗೂ ಓದು ಮುಂದುವರಿಸುವ ಮಾರ್ಗಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಸೆಕೆಂಡರಿ ಹಂತಕ್ಕೆ 14 ವರ್ಷ ತುಂಬಿದವರು ಸೇರಬಹುದು. ನೋಂದಣಿ 5 ವರ್ಷ ಊರ್ಜಿತ. ಉತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಸೇರುವ ಮುನ್ನ ಪಠ್ಯದ ಮಾಧ್ಯಮ ಯಾವುದು, ಅಧ್ಯಯನ ಕೇಂದ್ರ ಎಲ್ಲಿದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ನಿಗದಿತ ವಯಸ್ಸು ತುಂಬಿದವರು ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿಯೂ ಬರೆಯಬಹುದು. ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಫಲಿತಾಂಶ ಉತ್ತಮಪಡಿಸಿಕೊಳ್ಳುವ ವ್ಯವಸ್ಥೆ 2023–24ನೇ ಸಾಲಿನಲ್ಲಿ ಬಂದಿರುವುದರಿಂದ, ಅನುತ್ತೀರ್ಣರಾಗುವ ಭಯಕ್ಕೆ ಶಾಲೆ ಬಿಡುವ ಅಗತ್ಯ ಕಡಿಮೆಯಾಗಿದೆ.

ಊರಿನ ಶಾಲೆ ಹಿಡಿಸದಿದ್ದರೆ ಕೋಲಾರ ಅಥವಾ ಮುಳಬಾಗಿಲಿನ ಶಾಲೆಗೆ ಸೇರುವುದೂ ಒಂದು ಉಪಾಯ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲ. ಹುಡುಗರಿಗೆ ರಿಯಾಯಿತಿ ಪಾಸು ಸಿಗುತ್ತದೆ.

ನಿರ್ಧಾರಕ್ಕೆ ಮುನ್ನ

ವರ್ಗಾವಣೆ ಪತ್ರ ಕೇಳುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಬೇಡವಾಗಿರುವುದು ಓದೋ, ಈ ಶಾಲೆಯೋ, ಅಲ್ಲಿನ ಒಬ್ಬ ವ್ಯಕ್ತಿಯೋ? ಬಿಟ್ಟ ಮರುದಿನ ಬೆಳಿಗ್ಗೆ ಮಗು ಏನು ಮಾಡುತ್ತದೆ? ಹತ್ತನೇ ತರಗತಿಯ ಪ್ರಮಾಣಪತ್ರ ಯಾವ ದಾರಿಯಿಂದ, ಯಾವ ವರ್ಷ ಕೈಗೆ ಬರುತ್ತದೆ? ಮೂರನೆಯದಕ್ಕೆ ಖಚಿತ ಉತ್ತರವಿದ್ದರೆ ಶಾಲೆ ಬದಲಿಸುವುದು ಸೋಲಲ್ಲ. ಉತ್ತರವಿಲ್ಲದಿದ್ದರೆ, ಪರೀಕ್ಷೆ ಮುಗಿಯುವವರೆಗೆ ಉಳಿದುಕೊಂಡು ಬೇಸರದ ಕಾರಣವನ್ನು ಸರಿಪಡಿಸಿಕೊಳ್ಳುವುದೇ ವಿವೇಕ. ಆ ಹುಡುಕಾಟದಲ್ಲಿ ಮಗುವಿನ ಮಾತನ್ನು ಗದರದೆ ಪೂರ್ತಿ ಕೇಳಿಸಿಕೊಳ್ಳುವ ಹಿರಿಯರೊಬ್ಬರು ಜೊತೆಗಿರಬೇಕು.